ಅಪಘಾತ ಪರಿಹಾರ ಕಾನೂನಿಗೆ ತಿರುವು ಕೊಟ್ಟ ಇಂಗಲಗುಪ್ಪೆಯ ವೆಂಕಟರಾಮಯ್ಯ

ಬಿಡದಿ: ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಬೆಂಗಳೂರು-ಮೈಸೂರು ಹೆದ್ದಾರಿಯ ಕೂಡುರಸ್ತೆಗಳಲ್ಲಿ ಕಾರ್ಮಿಕರ ಬಸ್ಸುಗಳು, ಬೈಕುಗಳು, ಸರಕು ಲಾರಿಗಳು ಒಟ್ಟಾಗಿ ನುಗ್ಗುತ್ತವೆ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರಗಳಿಂದ ದುಡಿಯಲು ಬರುವ ಸಾವಿರಾರು ಜನರಿಗೆ ಈ ರಸ್ತೆಯೇ ಅನ್ನದ ದಾರಿ. ಅಪಾಯದ ದಾರಿಯೂ ಅದೇ. ಹಿಂದಿನಿಂದ ಬಂದ ವಾಹನವೊಂದು ಗುದ್ದಿದ ಕ್ಷಣದಲ್ಲಿ ಕತ್ತು ಉಳುಕಿ ಅಥವಾ ಬೆನ್ನುಮೂಳೆ ಜಖಂಗೊಂಡು ಯಂತ್ರದ ಮುಂದೆ ಮತ್ತೆ ನಿಲ್ಲಲಾಗದ ಸ್ಥಿತಿಗೆ ಬಂದವರು ಪರಿಹಾರ ಕೋರಿ ನ್ಯಾಯಮಂಡಳಿಯ ಮೊರೆ ಹೋಗುತ್ತಾರೆ.

ಹಾಗೆ ಅರ್ಜಿ ಸಲ್ಲಿಸುವವರಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ವಿಮಾ ಕಂಪನಿಯ ಹೊಣೆಗೆ ಹಿಂದೆ ಇದ್ದ ಕಿರಿದಾದ ಮಿತಿಗಳು ತೊಲಗಿ, ಗಾಯಾಳುವಿಗೆ ಪೂರ್ಣ ಪರಿಹಾರದ ಬಾಗಿಲು ತೆರೆಯುವುದಕ್ಕೆ ಕಾರಣವಾದ ತೀರ್ಪೊಂದನ್ನು ಬರೆದವರು ಇದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಪಾಂಡವಪುರ ಸೀಮೆಯವರು. ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇಂಗಲಗುಪ್ಪೆ ಸೀತಾರಾಮಯ್ಯ ವೆಂಕಟರಾಮಯ್ಯ. ನ್ಯಾಯಾಂಗ ವಲಯದಲ್ಲಿ ಇ.ಎಸ್. ವೆಂಕಟರಾಮಯ್ಯ ಎಂದೇ ಪ್ರಸಿದ್ಧರು.

ಹಳ್ಳಿಯಿಂದ ಹೈಕೋರ್ಟಿಗೆ

ವೆಂಕಟರಾಮಯ್ಯನವರು ಜನಿಸಿದ್ದು 1924ರ ಡಿಸೆಂಬರ್ 18ರಂದು. ಪಾಂಡವಪುರಕ್ಕೆ ಆಗ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಮಂಡ್ಯ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಊರು ಮೈಸೂರು ಜಿಲ್ಲೆಗೆ ಸೇರಿತ್ತು. ಕೃಷ್ಣರಾಜಸಾಗರದ ಕಾಲುವೆಗಳು ಮಂಡ್ಯ ಸೀಮೆಯ ಬಯಲನ್ನು ಹಸಿರಾಗಿಸುತ್ತಿದ್ದ ಕಾಲದಲ್ಲಿ ಅವರ ಬಾಲ್ಯ ಕಳೆಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದ ಬಳಿಕ ಪುಣೆ ಹಾಗೂ ಬೆಳಗಾವಿಯ ಕಾನೂನು ಕಾಲೇಜುಗಳಲ್ಲಿ ನ್ಯಾಯಶಾಸ್ತ್ರ ವ್ಯಾಸಂಗ ಮಾಡಿದರು. 1946ರಲ್ಲಿ ವಕೀಲಿ ವೃತ್ತಿಗೆ ಕಾಲಿಟ್ಟರು.

ಅದೇ 1946ರ ಜುಲೈ 1ರಂದು ಬ್ರಿಟಿಷ್ ಭಾರತದಲ್ಲಿ ಒಂದು ಮಹತ್ವದ ಬದಲಾವಣೆ ಆಯಿತು. 1939ರ ಮೋಟಾರು ವಾಹನ ಕಾಯ್ದೆಯ ಎಂಟನೆಯ ಅಧ್ಯಾಯ ಜಾರಿಗೆ ಬಂದು, ಮೂರನೆಯ ವ್ಯಕ್ತಿಗೆ ಆಗುವ ಹಾನಿಗಾಗಿ ವಾಹನಕ್ಕೆ ವಿಮೆ ಮಾಡಿಸುವುದು ಕಡ್ಡಾಯವಾಯಿತು. ಯುವ ವಕೀಲರಾಗಿದ್ದ ವೆಂಕಟರಾಮಯ್ಯನವರಿಗೆ ಮುಂದೊಂದು ದಿನ ಇದೇ ಅಧ್ಯಾಯದ ಕೊರತೆಗಳನ್ನು ದೇಶದ ಅತ್ಯುನ್ನತ ಪೀಠದಿಂದ ಎತ್ತಿ ತೋರಿಸುವ ಸಂದರ್ಭ ಒದಗಲಿತ್ತು.

ಬೆಂಗಳೂರಿನಲ್ಲಿ ವಕೀಲಿ ನಡೆಸಿದ ಅವರು ಸರ್ಕಾರದ ಪರ ವಕೀಲರಾಗಿ ಹೆಸರು ಗಳಿಸಿದರು. 1970ರಲ್ಲಿ ಕೆಲವು ತಿಂಗಳ ಕಾಲ ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದು, ಅದೇ ವರ್ಷದ ಜೂನ್‌ನಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯಾದರು. ರಾಜ್ಯ 1973ರಲ್ಲಿ ಕರ್ನಾಟಕವೆಂದು ಹೆಸರು ಬದಲಿಸಿಕೊಂಡಾಗ ಅವರು ಅದೇ ಪೀಠದಲ್ಲಿದ್ದರು. 1979ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ ನೇಮಕಗೊಂಡರು.

ತಪ್ಪು ಯಾರದೆಂದು ಯಾರು ಹೇಳಬೇಕು?

ಅಪಘಾತ ಪರಿಹಾರದ ಕಾನೂನು ಆಗ ಯಾವ ಹಂತದಲ್ಲಿತ್ತು ಎಂಬುದನ್ನು ಅರಿಯದೆ ಅವರ ಕೊಡುಗೆಯ ತೂಕ ತಿಳಿಯದು. ವಾಹನ ಅಪಘಾತಕ್ಕೆ ಸಿಕ್ಕಿದವರು ಮೊದಲು ಸಿವಿಲ್ ನ್ಯಾಯಾಲಯದಲ್ಲಿಯೇ ದಾವೆ ಹೂಡಬೇಕಾಗಿತ್ತು. ಶುಲ್ಕ, ವಿಳಂಬ, ಅಲೆದಾಟ ಎಲ್ಲವೂ ಅವರ ಪಾಲಿಗೆ. 1956ರ ತಿದ್ದುಪಡಿಯಿಂದ ಪ್ರತ್ಯೇಕ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. ಆದರೂ ಎರಡು ಗೋಡೆಗಳು ಉಳಿದವು.

ಮೊದಲನೆಯದು ನಿರ್ಲಕ್ಷ್ಯದ ರುಜುವಾತು. ಚಾಲಕನ ತಪ್ಪನ್ನು ಸಾಬೀತುಪಡಿಸುವ ಹೊಣೆ ಗಾಯಾಳುವಿನದೇ ಎಂಬ ನಿಯಮವನ್ನು 1977ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಎತ್ತಿಹಿಡಿದಿತ್ತು. ಪ್ರಜ್ಞೆ ತಪ್ಪಿ ರಸ್ತೆಯಲ್ಲಿ ಬಿದ್ದವನು ಸಾಕ್ಷಿ ಹುಡುಕುವುದಾದರೂ ಎಲ್ಲಿಂದ? 1982ರ ತಿದ್ದುಪಡಿ ಈ ಗೋಡೆಯಲ್ಲಿ ಸಣ್ಣದೊಂದು ಕಿಂಡಿ ತೆರೆಯಿತು. ತಪ್ಪು ಯಾರದೇ ಆಗಿರಲಿ, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕೆಂದಾಯಿತು. ಡಿಕ್ಕಿ ಹೊಡೆದು ಪರಾರಿಯಾದ ಪ್ರಕರಣಗಳಲ್ಲಿ ಸಾವಿಗೆ 5,000, ತೀವ್ರ ಗಾಯಕ್ಕೆ 1,000 ರೂಪಾಯಿ ನಿಗದಿಯಾಯಿತು.

ಎರಡನೆಯ ಗೋಡೆ ವಿಮೆಯ ಮಿತಿ. ವಾಹನದ ಬಗೆಯನ್ನು ನೋಡಿ ವಿಮಾ ಕಂಪನಿಯ ಹೊಣೆ ನಿರ್ಧಾರವಾಗುತ್ತಿತ್ತು. 1982ಕ್ಕೆ ಮೊದಲು ಬಸ್ಸಿನ ಪ್ರಯಾಣಿಕನೊಬ್ಬನಿಗೆ ಸಂಬಂಧಿಸಿ ವಿಮೆಯ ಕಡ್ಡಾಯ ಹೊಣೆ 5,000 ರೂಪಾಯಿಗೆ, ಬಾಡಿಗೆ ಕಾರಿನ ಪ್ರಯಾಣಿಕನಾದರೆ 10,000 ರೂಪಾಯಿಗೆ ಸೀಮಿತವಾಗಿತ್ತು. ನ್ಯಾಯಮಂಡಳಿ ಅದಕ್ಕಿಂತ ಹೆಚ್ಚು ವಿಧಿಸಿದರೆ ಉಳಿದುದನ್ನು ವಾಹನ ಮಾಲೀಕನಿಂದಲೇ ವಸೂಲು ಮಾಡಿಕೊಳ್ಳಬೇಕಿತ್ತು. ಮಾಲೀಕ ಕೈಚೆಲ್ಲಿದರೆ ತೀರ್ಪು ಕಾಗದದಲ್ಲಿಯೇ ಉಳಿಯುತ್ತಿತ್ತು. ಬೆನ್ನುಹುರಿಗೆ ಪೆಟ್ಟು ಬಿದ್ದು ಜೀವಮಾನವಿಡೀ ಆರೈಕೆ ಬೇಕಾದವನಿಗೆ ಈ ಮೊತ್ತ ಕೆಲವು ವಾರಗಳ ಔಷಧಿಗೂ ಸಾಲದು.

1987ರ ಎರಡು ತೀರ್ಪುಗಳು

ವೆಂಕಟರಾಮಯ್ಯನವರ ಹೆಸರನ್ನು ಅಪಘಾತ ಪರಿಹಾರದ ಇತಿಹಾಸದಲ್ಲಿ ನಿಲ್ಲಿಸಿದ್ದು 1987ರಲ್ಲಿ ಅವರು ಬರೆದ ಎರಡು ತೀರ್ಪುಗಳು.

ಮೊದಲನೆಯದು ಗುಜರಾತಿನ ರಸ್ತೆ ಸಾರಿಗೆ ನಿಗಮದ ಮೇಲ್ಮನವಿ. ಅಪಘಾತದಲ್ಲಿ ಬಾಲಕನೊಬ್ಬ ಮೃತಪಟ್ಟಿದ್ದ. ಪರಿಹಾರ ಕೇಳಿದವರು ಅವನ ಸಹೋದರರು. 1855ರಷ್ಟು ಹಳೆಯ ಕಾಯ್ದೆಯ ಪ್ರಕಾರ ಪತಿ, ಪತ್ನಿ, ತಂದೆತಾಯಿ, ಮಕ್ಕಳಿಗೆ ಮಾತ್ರ ಹಕ್ಕು. ಒಡಹುಟ್ಟಿದವರಿಗಿಲ್ಲ ಎಂಬುದು ನಿಗಮದ ವಾದ. ವೆಂಕಟರಾಮಯ್ಯನವರು ಅದನ್ನು ಒಪ್ಪಲಿಲ್ಲ. ಭಾರತದ ಕುಟುಂಬದಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು ಒಂದೇ ಸೂರಿನಡಿ ಒಬ್ಬರ ದುಡಿಮೆಯನ್ನು ಮತ್ತೊಬ್ಬರು ನೆಚ್ಚಿ ಬದುಕುವುದುಂಟು ಎಂಬ ವಾಸ್ತವವನ್ನು ಅವರು ತೀರ್ಪಿನ ತಳಹದಿಯಾಗಿಸಿದರು. ಕೂಡು ಕುಟುಂಬದ ಬದುಕನ್ನು ಹತ್ತಿರದಿಂದ ಬಲ್ಲವರಿಗೆ ಈ ಮಾತಿನ ಸತ್ಯವನ್ನು ವಿವರಿಸಬೇಕಾಗಿಲ್ಲ. ವಾರಸುದಾರ ಎಂಬ ಪದಕ್ಕೆ ವಿಶಾಲ ಅರ್ಥ ದೊರಕಿತು.

ಅದೇ ತೀರ್ಪಿನಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಪಾಯಕಾರಿ ವಸ್ತುವನ್ನು ತನ್ನ ಜಮೀನಿಗೆ ತಂದಿಟ್ಟುಕೊಂಡವನು ಅದರಿಂದಾಗುವ ಹಾನಿಗೆ ತಾನೇ ಹೊಣೆ ಎಂಬ ತತ್ತ್ವವನ್ನು ಇಂಗ್ಲೆಂಡಿನ ನ್ಯಾಯಾಲಯ 1868ರಲ್ಲಿ ಸ್ಥಾಪಿಸಿತ್ತು. ರಸ್ತೆಗಿಳಿದ ಮೋಟಾರು ವಾಹನವನ್ನೂ ಸ್ವಲ್ಪಮಟ್ಟಿಗೆ ಆ ತತ್ತ್ವದಡಿ ತರಬಹುದೆಂದು ಅವರು ಪ್ರತಿಪಾದಿಸಿದರು. ತನ್ನ ಕಡೆಯಿಂದ ಯಾವ ತಪ್ಪೂ ಇಲ್ಲದ ಪಾದಚಾರಿ ಗಾಯಗೊಂಡರೆ, ಚಾಲಕ ನಿರ್ಲಕ್ಷ್ಯ ತೋರಿದ್ದನೋ ಇಲ್ಲವೋ ಎಂಬುದನ್ನು ಲೆಕ್ಕಿಸದೆ ಪರಿಹಾರ ಸಿಗಬೇಕು, ಸಾಮಾಜಿಕ ನ್ಯಾಯಕ್ಕೆ ಅರ್ಥ ಬರುವುದು ಆಗಲೇ ಎಂಬುದು ಅವರ ನಿಲುವಾಗಿತ್ತು.

ಎರಡನೆಯದು ಕೇರಳದಿಂದ ಬಂದ ಕುಂಞಿಮೊಹಮ್ಮದ್ ಪ್ರಕರಣ. ಇಲ್ಲಿದ್ದ ಪ್ರಶ್ನೆ ಪ್ರಯಾಣಿಕನಿಗೆ ಸಂಬಂಧಿಸಿದ ವಿಮೆಯ ಮಿತಿ. ಮನಸ್ಸು ಹೆಚ್ಚಿನ ಪರಿಹಾರದ ಕಡೆಗಿದ್ದರೂ ಕಾಯ್ದೆಯ ಪದಗಳು ಸ್ಪಷ್ಟವಾಗಿದ್ದವು. ಪ್ರತಿ ಪ್ರಯಾಣಿಕನಿಗೆ ನಿಗದಿಯಾದ ಮಿತಿಯನ್ನು ಮೀರಿ ಕೊಡುವಂತೆ ವಿಮಾ ಕಂಪನಿಯನ್ನು ಕಟ್ಟಿಹಾಕಲು ಸಾಧ್ಯವಿಲ್ಲ ಎಂದೇ ಅವರು ತೀರ್ಮಾನಿಸಬೇಕಾಯಿತು. ಕಾನೂನಿನ ಅಕ್ಷರವನ್ನು ತಿರುಚಲು ಅವರು ಮುಂದಾಗಲಿಲ್ಲ. ಆದರೆ ಅಲ್ಲಿಗೇ ಲೇಖನಿ ಕೆಳಗಿಡಲೂ ಇಲ್ಲ. ತಪ್ಪಿನ ರುಜುವಾತಿಲ್ಲದೆ ಕೊಡುವ ಪರಿಹಾರದ ಮೊತ್ತ ಏರಬೇಕು, ಪರಾರಿ ಪ್ರಕರಣಗಳ ಪರಿಹಾರವೂ ಏರಬೇಕು, ವಾಹನದ ಬಗೆಗೆ ತಕ್ಕಂತೆ ವಿಮೆಯ ಹೊಣೆ ಬದಲಾಗುವ ತಾರತಮ್ಯ ತೊಲಗಬೇಕು ಎಂಬ ಸಲಹೆಗಳನ್ನು ತೀರ್ಪಿನಲ್ಲಿ ದಾಖಲಿಸಿ ಸಂಸತ್ತಿನ ಮುಂದಿಟ್ಟರು.

ನ್ಯಾಯಾಲಯಗಳ ಇಂಥ ಸಲಹೆಗಳು ಕಡತಗಳಲ್ಲಿ ಕಳೆದುಹೋಗುವುದೇ ಹೆಚ್ಚು. ಇದು ಹಾಗಾಗಲಿಲ್ಲ. ಹೊಸ ಮೋಟಾರು ವಾಹನ ಮಸೂದೆಯನ್ನು ಮಂಡಿಸಿದಾಗ ಕೇಂದ್ರ ಸರ್ಕಾರ ಅದರ ಉದ್ದೇಶಗಳ ವಿವರಣೆಯಲ್ಲಿ ಈ ಪ್ರಕರಣದ ಹೆಸರನ್ನೇ ಉಲ್ಲೇಖಿಸಿ, ಅದರ ಸಲಹೆಗಳನ್ನು ಅಳವಡಿಸಿಕೊಂಡಿರುವುದಾಗಿ ತಿಳಿಸಿತು. ಅದುವೇ 1988ರ ಕಾಯ್ದೆ. ಸಾವು ಮತ್ತು ದೈಹಿಕ ಗಾಯದ ಪ್ರಕರಣಗಳಲ್ಲಿ ವಿಮೆಯ ಹಳೆಯ ಮಿತಿಗಳನ್ನು ಅದು ಕೈಬಿಟ್ಟಿತು. ತಪ್ಪಿನ ರುಜುವಾತಿಲ್ಲದ ಪರಿಹಾರ ಸಾವಿಗೆ 25,000, ಶಾಶ್ವತ ಅಂಗವೈಕಲ್ಯಕ್ಕೆ 12,000 ರೂಪಾಯಿಗೆ ಏರಿತು. ಅಂಗವೇ ತುಂಡಾಗಬೇಕೆಂದಿಲ್ಲ, ಕೀಲಿನ ಶಕ್ತಿ ಶಾಶ್ವತವಾಗಿ ಕುಂದಿದರೂ ಅದು ಅಂಗವೈಕಲ್ಯವೇ ಎಂಬ ವಿವರಣೆ ಕಾಯ್ದೆಯಲ್ಲಿತ್ತು. ಕತ್ತು ತಿರುಗಿಸಲಾಗದ, ಸೊಂಟ ಬಗ್ಗಿಸಲಾಗದ ಗಾಯಾಳುವಿಗೆ ಈ ಒಂದು ವಾಕ್ಯದ ಬೆಲೆ ದೊಡ್ಡದು.

1989ರ ಜೂನ್ 19ರಂದು ವೆಂಕಟರಾಮಯ್ಯನವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಹನ್ನೆರಡು ದಿನಗಳ ಬಳಿಕ, ಜುಲೈ 1ರಂದು, ಹೊಸ ಕಾಯ್ದೆ ದೇಶದಲ್ಲಿ ಜಾರಿಗೆ ಬಂದಿತು.

ಗಂಗೆ, ಪತ್ರಿಕೆ ಮತ್ತು ಒಂದು ವಿವಾದ

ಅವರ ನ್ಯಾಯದಾನ ಅಪಘಾತ ಪ್ರಕರಣಗಳಿಗಷ್ಟೇ ಸೀಮಿತವಾಗಿರಲಿಲ್ಲ. ಪತ್ರಿಕಾ ಕಾಗದದ ಮೇಲಿನ ಸುಂಕವನ್ನು ಪ್ರಶ್ನಿಸಿದ ಪ್ರಕರಣದಲ್ಲಿ 1984ರಲ್ಲಿ ಅವರು ಬರೆದ ತೀರ್ಪು ಪತ್ರಿಕಾ ಸ್ವಾತಂತ್ರ್ಯದ ಕುರಿತ ಪ್ರಮುಖ ದಾಖಲೆಯಾಗಿ ಉಳಿದಿದೆ. 1987ರಲ್ಲಿ ಕಾನ್ಪುರದ ಚರ್ಮ ಹದ ಮಾಡುವ ಕಾರ್ಖಾನೆಗಳು ಗಂಗೆಯನ್ನು ಕಲುಷಿತಗೊಳಿಸುತ್ತಿದ್ದ ಪ್ರಕರಣದಲ್ಲಿ, ತ್ಯಾಜ್ಯ ಸಂಸ್ಕರಣಾ ವ್ಯವಸ್ಥೆ ಮಾಡಿಕೊಳ್ಳಲು ಹಣವಿಲ್ಲ ಎಂಬ ನೆಪವನ್ನು ಅವರು ಮನ್ನಿಸಲಿಲ್ಲ. ಕಾರ್ಮಿಕನಿಗೆ ಕನಿಷ್ಠ ಕೂಲಿ ಕೊಡಲಾಗದ ಉದ್ಯಮ ಹೇಗೆ ನಡೆಯಲಾಗದೋ ಹಾಗೆಯೇ ಸಂಸ್ಕರಣಾ ವ್ಯವಸ್ಥೆಯಿಲ್ಲದ ಉದ್ಯಮವೂ ನಡೆಯಲಾಗದು ಎಂಬುದು ಅವರ ತರ್ಕ. ಲಾಭ ಪಡೆಯುವವನು ತನ್ನ ವ್ಯವಹಾರದ ಅಪಾಯವನ್ನು ಪರರ ಮೇಲೆ ಹೊರಿಸಬಾರದು ಎಂಬ ಇದೇ ಭಾವ ಅವರ ಅಪಘಾತ ತೀರ್ಪುಗಳಲ್ಲಿಯೂ ಕಾಣುತ್ತದೆ.

ಮುಖ್ಯ ನ್ಯಾಯಮೂರ್ತಿಯಾಗಿ ಅವರಿಗೆ ದೊರೆತದ್ದು ಆರು ತಿಂಗಳಿಗೂ ಕಡಿಮೆ ಅವಧಿ. 1989ರ ಡಿಸೆಂಬರ್ 17ರಂದು ನಿವೃತ್ತರಾದರು. ನಿವೃತ್ತಿಯ ಸಮಯದಲ್ಲಿ ಪತ್ರಕರ್ತ ಕುಲದೀಪ್ ನಯ್ಯರ್ ಅವರೊಂದಿಗೆ ನಡೆಸಿದ ಸಂಭಾಷಣೆಯಲ್ಲಿ ನ್ಯಾಯಾಂಗದ ಗುಣಮಟ್ಟ ಕುಸಿಯುತ್ತಿದೆಯೆಂದು ಖೇದಪಟ್ಟರು. ಕೆಲವು ನ್ಯಾಯಾಧೀಶರ ನಡವಳಿಕೆಯನ್ನೂ ಕಟುವಾಗಿ ಟೀಕಿಸಿದರು. ಅದು ದೊಡ್ಡ ವಿವಾದವಾಗಿ, ಅವರ ವಿರುದ್ಧವೇ ನ್ಯಾಯಾಂಗ ನಿಂದನೆಯ ಅರ್ಜಿ ಬಾಂಬೆ ಹೈಕೋರ್ಟಿಗೆ ಹೋಯಿತು. ಹೈಕೋರ್ಟ್ ಅದನ್ನು ತಿರಸ್ಕರಿಸಿತು. ತಾನು ಬಾಳಿದ ಮನೆಯ ಬಿರುಕನ್ನು ಮುಚ್ಚಿಡದೆ ಹೇಳಿದ ಹಿರಿಯನ ನೋವು ಅದರಲ್ಲಿತ್ತೆಂದು ಅವರನ್ನು ಮೆಚ್ಚಿದವರೂ ಉಂಟು, ಅಷ್ಟು ನಿಷ್ಠುರವಾಗಿ ಆಡಬಾರದಿತ್ತೆಂದು ಆಕ್ಷೇಪಿಸಿದವರೂ ಉಂಟು.

1997ರ ಸೆಪ್ಟೆಂಬರ್‌ನಲ್ಲಿ ವೆಂಕಟರಾಮಯ್ಯನವರು ನಿಧನರಾದರು. ಅವರ ಪುತ್ರಿ ಬಿ.ವಿ. ನಾಗರತ್ನ ತಂದೆಯ ಹಾದಿಯಲ್ಲಿಯೇ ಸಾಗಿ ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿಯಾದರು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು.

ಕಾಣದ ನೋವಿಗೆ ಪುರಾವೆ

ವೆಂಕಟರಾಮಯ್ಯನವರು ತೀರಿಕೊಂಡ ವರ್ಷದಲ್ಲಿಯೇ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿ ಸ್ಥಾಪನೆಯಾಯಿತು. 1999ರ ಕೊನೆಗೆ ಬಿಡದಿಯಲ್ಲಿ ಕಾರುಗಳ ತಯಾರಿಕೆ ಶುರುವಾಯಿತು. ರೇಷ್ಮೆ, ರಾಗಿ, ಮಾವಿನ ಸೀಮೆ ಕಾರ್ಖಾನೆಗಳ ಸೀಮೆಯಾಯಿತು. ರಸ್ತೆಯೂ ಹಿಗ್ಗಿತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಲೋಕಾರ್ಪಣೆಗೊಂಡಿತು. ಅಪಘಾತಗಳು ಹೆಚ್ಚಿದ ಕಾರಣ ಆ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಅದರ ಮುಖ್ಯ ಪಥದಿಂದ ಹೊರಗಿಡಲಾಯಿತು.

ವಿಮೆಯ ಮಿತಿಯ ಗೋಡೆ ಬಿದ್ದರೂ ಕತ್ತು ಮತ್ತು ಬೆನ್ನಿನ ಗಾಯಾಳುವಿಗೆ ಮೂರನೆಯ ಗೋಡೆಯೊಂದು ಉಳಿದಿದೆ. ಅದು ಪುರಾವೆಯದು. ಕಾಲು ಮುರಿದರೆ ಎಕ್ಸ್-ರೇ ಹೇಳುತ್ತದೆ. ಹಿಂದಿನಿಂದ ಡಿಕ್ಕಿಯಾದಾಗ ಕತ್ತು ಚಾವಟಿಯಂತೆ ಹಿಂದಕ್ಕೂ ಮುಂದಕ್ಕೂ ಜಗ್ಗಿ ಸ್ನಾಯು, ನಾರುಗಳು ಹರಿದರೆ ಎಕ್ಸ್-ರೇಯಲ್ಲಿ ಅದು ಕಾಣದೆಯೂ ಇರಬಹುದು. ನೋವು ಮರುದಿನವೋ ಮೂರನೆಯ ದಿನವೋ ಕಾಣಿಸಿಕೊಳ್ಳುವುದೂ ಉಂಟು. ಎಂಆರ್‌ಐ ತೋರಿಸುವ ಡಿಸ್ಕ್ ಸವೆತ ಅಪಘಾತದ್ದೋ, ವಯಸ್ಸಿನದೋ, ಭಾರ ಎತ್ತುವ ಕೆಲಸದ್ದೋ ಎಂಬ ಪ್ರಶ್ನೆಯನ್ನು ವಿಮಾ ಕಂಪನಿಯ ವಕೀಲರು ಎತ್ತುತ್ತಾರೆ. ಸುಳ್ಳು ಕ್ಲೇಮುಗಳೂ ಬರುವುದರಿಂದ ಅಂಥ ಪ್ರಶ್ನೆಯನ್ನು ಅನ್ಯಾಯವೆನ್ನಲಾಗದು. ಅದಕ್ಕೆ ಉತ್ತರ ದಾಖಲೆಗಳಲ್ಲಿಯೇ ಇರಬೇಕು: ತಡವಿಲ್ಲದೆ ವೈದ್ಯರಲ್ಲಿಗೆ ಹೋಗಿ ನೋವನ್ನು ಬರೆಸಿದ ಚೀಟಿ, ಗಾಯದ ಪ್ರಮಾಣಪತ್ರ, ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗಿನ ಸಾರಾಂಶ, ಬಿಲ್ಲುಗಳು, ರಜೆ ಹಾಗೂ ಸಂಬಳ ಕಡಿತದ ವಿವರ.

ಅಂಗವೈಕಲ್ಯವನ್ನು ಅಳೆಯುವ ಬಗೆಯನ್ನು ಸುಪ್ರೀಂ ಕೋರ್ಟ್ ರಾಜಕುಮಾರ್ ಪ್ರಕರಣದಲ್ಲಿ ವಿವರಿಸಿದೆ. ಆ ಪೀಠದಲ್ಲಿದ್ದು ತೀರ್ಪು ಬರೆದ ಆರ್.ವಿ. ರವೀಂದ್ರನ್ ಅವರೂ ಕರ್ನಾಟಕ ಹೈಕೋರ್ಟಿನಿಂದ ಹೋದವರು. ವೈದ್ಯರು ಹೇಳುವ ಶೇಕಡಾವಾರು ಅಂಗವೈಕಲ್ಯ ಒಂದು, ಅದರಿಂದ ದುಡಿಮೆಯ ಶಕ್ತಿಗೆ ಬಿದ್ದ ಪೆಟ್ಟು ಇನ್ನೊಂದು. ಕೈ ಕಳೆದುಕೊಂಡ ಚಾಲಕ ಅಥವಾ ಬಡಗಿಗೆ ಬದುಕೇ ಹೋದಂತೆ. ಅದೇ ಗಾಯವಾದ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಈ ಅಳತೆಗೋಲನ್ನು ಬೆನ್ನಿಗೆ ಅನ್ವಯಿಸಿದರೆ, ಇಡೀ ಪಾಳಿ ನಿಂತು, ಬಗ್ಗಿ, ಭಾರ ಎತ್ತಬೇಕಾದ ಕಾರ್ಮಿಕನ ನಷ್ಟ ಕುರ್ಚಿಯಲ್ಲಿ ಕೂತು ದುಡಿಯುವವನ ನಷ್ಟಕ್ಕಿಂತ ಬೇರೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ತಿಂಗಳಿಗೆ 20,000 ರೂಪಾಯಿ ದುಡಿಯುವ 28 ವರ್ಷದ ಕಾರ್ಮಿಕನ ದುಡಿಮೆಯ ಶಕ್ತಿ ಶೇಕಡಾ 20ರಷ್ಟು ಕುಂದಿದೆಯೆಂದು ನ್ಯಾಯಮಂಡಳಿ ತೀರ್ಮಾನಿಸಿತೆನ್ನೋಣ. ವಾರ್ಷಿಕ ಆದಾಯ 2,40,000. ಆ ವಯಸ್ಸಿಗೆ 2009ರ ತೀರ್ಪೊಂದು ನಿಗದಿ ಮಾಡಿದ ಗುಣಕ 17. ಎರಡನ್ನೂ ಗುಣಿಸಿ ಶೇಕಡಾ 20 ತೆಗೆದರೆ 8,16,000 ರೂಪಾಯಿ. ಮುಂದೆ ಆಗಬಹುದಾಗಿದ್ದ ಆದಾಯದ ಏರಿಕೆ, ಚಿಕಿತ್ಸೆ, ಆರೈಕೆ, ನೋವು-ಯಾತನೆಗಳ ಬಾಬತ್ತು ಬೇರೆ. ಹಳೆಯ ಕಾಯ್ದೆಯ 5,000 ರೂಪಾಯಿಯ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿದರೆ, ರೂಪಾಯಿಯ ಬೆಲೆ ಇಳಿದಿರುವುದನ್ನು ಗಣನೆಗೆ ತೆಗೆದುಕೊಂಡರೂ, ದಾರಿ ಎಷ್ಟು ದೂರ ಸಾಗಿದೆ ಎಂಬುದು ತಿಳಿಯುತ್ತದೆ.

ಮುಂದುವರಿದ ದಾರಿ

ಕಾನೂನು ಅಲ್ಲಿಗೇ ನಿಂತಿಲ್ಲ. ಅರ್ಜಿದಾರ ತಾನು ವಾಸಿಸುವ ಸ್ಥಳದ ನ್ಯಾಯಮಂಡಳಿಗೂ ಹೋಗಬಹುದೆಂಬ ಅನುಕೂಲ 1994ರ ತಿದ್ದುಪಡಿಯಿಂದ ದೊರೆಯಿತು. 2019ರ ತಿದ್ದುಪಡಿಯ ಪರಿಹಾರ ನಿಯಮಗಳು 2022ರ ಏಪ್ರಿಲ್ 1ರಂದು ಜಾರಿಗೆ ಬಂದು, ತಪ್ಪಿನ ರುಜುವಾತಿಲ್ಲದ ಪರಿಹಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಗೆ ಏರಿತು. ಪರಾರಿ ಪ್ರಕರಣಗಳಲ್ಲಿ ಈ ಮೊತ್ತ ಕ್ರಮವಾಗಿ 2 ಲಕ್ಷ ಮತ್ತು 50,000 ರೂಪಾಯಿ ಆಯಿತು. ಬೆನ್ನುಮೂಳೆ ಮುರಿದಿದ್ದರೆ ಅದು ತೀವ್ರ ಗಾಯವೇ ಸರಿ. ಮೂಳೆ ಮುರಿಯದೆ ಕತ್ತು ಉಳುಕಿದವನು ಮಾತ್ರ ತನ್ನ ನೋವಿನ ತೀವ್ರತೆಯನ್ನೂ ಅದು ಕಾಡಿದ ದಿನಗಳನ್ನೂ ತೋರಿಸಬೇಕಾಗುತ್ತದೆ.

ಅದೇ ತಿದ್ದುಪಡಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಗಡುವನ್ನೂ ಮರಳಿ ತಂದಿತು. 1994ರಲ್ಲಿ ಕೈಬಿಟ್ಟಿದ್ದ ಗಡುವು ಅದು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಬೆನ್ನಿನ ಗಾಯದ ಪೂರ್ಣ ಪರಿಣಾಮ ಆರು ತಿಂಗಳಲ್ಲಿ ತಿಳಿಯದೆಯೂ ಹೋಗಬಹುದು. ಆದುದರಿಂದ ಚಿಕಿತ್ಸೆ ಮುಗಿಯಲೆಂದು ಕಾಯುತ್ತ ಕೂರದೆ ಅರ್ಜಿಯನ್ನು ಬೇಗನೆ ಸಲ್ಲಿಸುವುದೇ ಗಾಯಾಳುವಿಗೆ ಕ್ಷೇಮ.

ವೆಂಕಟರಾಮಯ್ಯನವರ ಬದುಕಿನಿಂದ ಕಲಿಯಬೇಕಾದ ಪಾಠ ಪರಿಹಾರದ ಮೊತ್ತದಲ್ಲಿಲ್ಲ. ಕಾನೂನಿನ ಕೈ ಕಟ್ಟಿರುವಾಗ ನ್ಯಾಯಾಧೀಶ ಏನು ಮಾಡಬೇಕು ಎಂಬ ಕಠಿಣ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರದಲ್ಲಿದೆ. ತನ್ನ ಮುಂದಿದ್ದ ಪ್ರಕರಣದಲ್ಲಿ ಹೆಚ್ಚಿನದನ್ನು ಕೊಡಲಾಗದ ಅವರು, ಮುಂದೆ ಬರಲಿದ್ದವರಿಗೆ ಅದು ಸಿಗುವಂತೆ ಕಾನೂನನ್ನೇ ಬದಲಿಸಲು ಕೇಳಿದರು. ಅಂದು ಸಂಸತ್ತು ಆ ಮಾತಿಗೆ ಕಿವಿಗೊಟ್ಟಿತು. ಬಿಡದಿಯ ಕೂಡುರಸ್ತೆಯಲ್ಲಿ ಬಿದ್ದ ಕಾರ್ಮಿಕ ಇಂದು ನ್ಯಾಯಮಂಡಳಿಯ ಮುಂದೆ ನಿಂತು ಕೇಳುತ್ತಿರುವುದು ಭಿಕ್ಷೆಯನ್ನಲ್ಲ, ಹಕ್ಕನ್ನು. ಆ ಹಕ್ಕಿನ ಹಿಂದೆ ಇಂಗಲಗುಪ್ಪೆಯ ಈ ಹಿರಿಯರ ಬರಹವೂ ಇದೆ.